ಒಂದೇ ಮಾಡೆಲ್, ಎರಡು ಪೀಸ್: ಕಡಿಮೆ ಬೆಲೆಯ ರಿವಾಲ್ವರ್ ಕೊಂಡ ಅನುಭವ

ಕೊಡಗಿನಲ್ಲಿ ಕೋವಿ ಬಗ್ಗೆ ಮಾತಾಡದ ಮನೆ ಕಡಿಮೆ. ಆದರೆ ರಿವಾಲ್ವರ್ ಅಂದ ಕೂಡಲೇ ಮಾತು ಎರಡು ಪಾಲಾಗುತ್ತದೆ. ಅದೂ ಕಡಿಮೆ ಬೆಲೆಯ ರಿವಾಲ್ವರ್ ಅಂದರೆ ಮುಗಿಯಿತು. "ಸುಮ್ನೆ ದುಡ್ಡು ದಂಡ, ಬೇಕಾದಾಗ ಸಿಡಿಯಲ್ಲ" ಅಂತ ಒಬ್ಬರು. "ನಮ್ಮನೇಲಿ ಇಪ್ಪತ್ತು ವರ್ಷದಿಂದ ಇದೆ, ಒಂದು ದಿನ ಕೈಕೊಟ್ಟಿಲ್ಲ" ಅಂತ ಇನ್ನೊಬ್ಬರು. ನಾನು ಲೈಸೆನ್ಸ್‌ಗೆ ಓಡಾಡುತ್ತಿದ್ದಷ್ಟು ಕಾಲವೂ ಈ ಎರಡು ಮಾತು ಕಿವಿಗೆ ಬೀಳುತ್ತಲೇ ಇತ್ತು. ಇಬ್ಬರೂ ಹೇಳುತ್ತಿರುವುದು ನಿಜ ಅನ್ನೋದು ನನಗೆ ಅರ್ಥವಾದದ್ದು ಅಂಗಡಿಯಲ್ಲಿ, ಒಂದೇ ಮಾಡೆಲ್‌ನ ಎರಡು ರಿವಾಲ್ವರ್ ಮುಂದಿಟ್ಟುಕೊಂಡು ಕೂತಾಗ.

ನಮ್ಮದು ಸುಂಟಿಕೊಪ್ಪದ ಕಡೆ ಸಣ್ಣ ಕಾಫಿ ತೋಟ. ಯಜಮಾನರ ಕೆಲಸ ಹೊರ ಊರಲ್ಲಿ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಕೂಲಿಯವರ ಲೈನ್ ಮನೆಗಳು ಇರುವುದು ತೋಟದ ಆ ಕಡೆ ಬದಿಯಲ್ಲಿ, ಕೂಗಿದರೂ ಕೇಳಿಸದಷ್ಟು ದೂರ. ಮೆಣಸು ಕುಯ್ಯುವ ಕಾಲದಲ್ಲಿ ಒಂದು ರಾತ್ರಿ ಕಣದಲ್ಲಿದ್ದ ಮೂಟೆಗಳು ಹೋದವು. ಅದು ಹೋಗಲಿ. ಅದೇ ವಾರ ಇನ್ನೊಂದು ರಾತ್ರಿ ಹಿಂದಿನ ಬಾಗಿಲ ಚಿಲಕವನ್ನು ಯಾರೋ ಹೊರಗಿನಿಂದ ಮೀಟಿದರು. ನಾಯಿ ಬೊಗಳಿ, ನಾನು ಎಲ್ಲ ಲೈಟು ಹಾಕಿದ ಮೇಲೆ ಓಡಿದರು. ಅತ್ತೆ ಆಮೇಲೆ ಎಷ್ಟೋ ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಮಾವನವರ ತೋಟೆ (ಕಾರ್ಟ್ರಿಜ್) ಕೋವಿಯನ್ನು ಅವರು ತೀರಿಕೊಂಡಾಗಲೇ ಠಾಣೆಗೆ ಒಪ್ಪಿಸಿದ್ದೆವು. ಆಗ ನಾನು ಲೈಸೆನ್ಸ್ ಮಾಡಿಸುವ ತೀರ್ಮಾನಕ್ಕೆ ಬಂದೆ.

ಹೊರಗಿನವರು ಕೊಡಗು ಅಂದರೆ ಎಲ್ಲರಿಗೂ ಲೈಸೆನ್ಸ್ ಇಲ್ಲದೆ ಕೋವಿ ಅಂದುಕೊಂಡಿದ್ದಾರೆ. ಹಾಗಲ್ಲ. ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿಯ, ಹಿಡುವಳಿದಾರರಿಗೆ. ಅದರ ಬೇರು 1861ರಷ್ಟು ಹಿಂದಿನದು, ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ನಾವು ಆ ಎರಡೂ ಗುಂಪಿಗೆ ಸೇರಿದವರಲ್ಲ. ಬೇರೆ ಜಿಲ್ಲೆಯವರು ಹೇಗೆ ಅರ್ಜಿ ಹಾಕುತ್ತಾರೋ ನಾವೂ ಹಾಗೇ.

ಅರ್ಜಿಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಎ-1 ನಮೂನೆ, ಆಧಾರ್, ಫೋಟೋ, ಮನಸ್ಸೂ ದೇಹವೂ ಸರಿ ಇದೆ ಅಂತ ಡಾಕ್ಟರ ಸರ್ಟಿಫಿಕೇಟ್, ಆಯುಧವನ್ನು ಮನೆಯಲ್ಲಿ ಎಲ್ಲಿ, ಹೇಗೆ ಇಡುತ್ತೀರಿ ಅನ್ನುವ ಬರಹ. ಮಡಿಕೇರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರೆ ಅಲ್ಲಿಂದ ಪೊಲೀಸರಿಗೆ ಹೋಗುತ್ತದೆ. ಠಾಣೆಯವರು ಮನೆಗೆ ಬಂದರು. ಬಾಗಿಲು ನೋಡಿದರು, ಅಕ್ಕಪಕ್ಕದಲ್ಲಿ ವಿಚಾರಿಸಿದರು. ಮೆಣಸು ಕಳವಿಗೆ ಕೊಟ್ಟಿದ್ದ ದೂರಿನ ಪ್ರತಿ ನನ್ನ ಹತ್ತಿರ ಇತ್ತು, ಅದು ತುಂಬಾ ಸಹಾಯವಾಯಿತು. ಬಂದೂಕು ತರಬೇತಿಯ ಸರ್ಟಿಫಿಕೇಟ್ ಕೂಡ ಬೇಕು. ಜಿಲ್ಲೆ ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಲೈಸೆನ್ಸ್ ಬೇಡದಿದ್ದರೂ ಆ ಶಿಬಿರಕ್ಕೆ ಹೋಗಿ ಬನ್ನಿ ಅಂತ ನಾನು ಪರಿಚಯದ ಹೆಂಗಸರಿಗೆಲ್ಲ ಹೇಳುತ್ತೇನೆ. ಕೋವಿ ಕಂಡರೆ ಇರುವ ಸುಮ್ಮನೆ ಭಯ ಹೋಗುತ್ತದೆ, ಇರಬೇಕಾದ ಭಯ ಬರುತ್ತದೆ.

ಏನು ಕೊಳ್ಳಬೇಕು ಅನ್ನುವುದು ಇನ್ನೂ ದೊಡ್ಡ ತಲೆನೋವು.

ಮೊದಲು ಬೆಲೆಯ ಮಾತು. ಅಮೆರಿಕದಲ್ಲಿ ಕಡಿಮೆ ಬೆಲೆಯ ರಿವಾಲ್ವರ್ ಅಂದರೆ ಬ್ರೆಜಿಲ್‌ನ ಟಾರಸ್, ಫಿಲಿಪೀನ್ಸ್‌ನ ಆರ್ಮ್‌ಸ್ಕಾರ್, ಅಮೆರಿಕದ್ದೇ ಆದ ಚಾರ್ಟರ್ ಆರ್ಮ್ಸ್, ಹೆರಿಟೇಜ್ ಇಂಥವು. ಸ್ಮಿತ್ ಅಂಡ್ ವೆಸನ್, ರೂಗರ್, ಕೋಲ್ಟ್ ಕೊಳ್ಳಲಾಗದವರು ಅವನ್ನು ಕೊಳ್ಳುತ್ತಾರೆ. ಅಲ್ಲಿಯೂ ಇದೇ ಜಗಳ. ಸಾವಿರಾರು ಗುಂಡು ಹೊಡೆದೆ, ಏನೂ ಆಗಿಲ್ಲ ಅನ್ನುವವರೂ ಇದ್ದಾರೆ, ಮೊದಲ ದಿನವೇ ಸಿಲಿಂಡರ್ (ತೋಟೆ ತುಂಬುವ, ತಿರುಗುವ ಭಾಗ) ಸಿಕ್ಕಿಕೊಂಡಿತು ಅನ್ನುವವರೂ ಇದ್ದಾರೆ. ಆದರೆ ಅವರಿಗೆ ಆಯ್ಕೆ ಇದೆ. ನಮಗೆ ಇಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರ ಜನಸಾಮಾನ್ಯರ ಆಯುಧ ಆಮದನ್ನು ನಿಲ್ಲಿಸಿತು. ಅದಕ್ಕೂ ಮೊದಲು ಬಂದ ವಿದೇಶಿ ರಿವಾಲ್ವರ್‌ಗಳೇ ಕೈಯಿಂದ ಕೈಗೆ ಹೋಗುತ್ತಿವೆ, ಅವುಗಳ ಬೆಲೆ ಕೇಳಿದರೆ ತೋಟದ ಒಂದು ವರ್ಷದ ಫಸಲು ನೆನಪಾಗುತ್ತದೆ. ಹಾಗಾಗಿ ನಮ್ಮಲ್ಲಿ ಕಡಿಮೆ ಬೆಲೆಯದು ಅಂದರೆ ಇಲ್ಲೇ ತಯಾರಾದದ್ದು. ಅದೇನು ನಿಜವಾಗಿ ಅಗ್ಗ ಅಲ್ಲ.

ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 (ಇಂಚಿನಲ್ಲಿ ಗುಂಡಿನ ಅಳತೆ) ಹಳೆಯದು, ಎಲ್ಲರಿಗೂ ಗೊತ್ತಿರುವುದು. ಬ್ರಿಟನ್ನಿನ ವೆಬ್ಲಿ ಕಂಪನಿಯ ಹಳೇ ವಿನ್ಯಾಸದ ಮೇಲೆ ಮಾಡಿದ್ದು, ಆರು ಗುಂಡು, ನಡುವೆ ಮುರಿದಂತೆ ಬಾಗಿ ತೆರೆಯುತ್ತದೆ. 2014ರಲ್ಲಿ ಅಲ್ಲಿಂದಲೇ ನಿರ್ಭೀಕ್ ಬಂತು, ಹೆಂಗಸರಿಗೆಂದೇ ಮಾಡಿದ್ದು ಅಂತ ಸುದ್ದಿಯಾಯಿತು. ಅರ್ಧ ಕೆಜಿ ತೂಕ, ಟೈಟಾನಿಯಂ ಮಿಶ್ರಲೋಹ, ಆಗಿನ ಬೆಲೆಯೇ 1,22,360 ರೂಪಾಯಿ. ಇಚಾಪುರದ ಕಾರ್ಖಾನೆ ನಿಡರ್ ಅಂತ ಪಾಯಿಂಟ್ 22 ಮಾಡಿತು, ಸುಮಾರು ಕಾಲು ಕೆಜಿಯದು, ಬಂದಾಗ 35,000ದ ಆಸುಪಾಸು. 2023ರಲ್ಲಿ ಪ್ರಬಲ್ ಬಂತು, ಅದರ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಉತ್ತರ ಪ್ರದೇಶದ ಸಂಡಿಲಾದಲ್ಲಿ ವೆಬ್ಲಿ ಹೆಸರಿನಲ್ಲೇ ಖಾಸಗಿಯವರೂ ಪಾಯಿಂಟ್ 32 ಮಾಡುತ್ತಿದ್ದಾರೆ. ಹೆಚ್ಚಿನವರು ಯಾಕೆ ಪಾಯಿಂಟ್ 32ಕ್ಕೇ ಅಂಟಿಕೊಂಡಿದ್ದಾರೆ ಅಂದರೆ, ಮಿಲಿಟರಿ ಮತ್ತು ಪೊಲೀಸರು ಬಳಸುವ ಗುಂಡಿನ ಅಳತೆಗಳು ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದಿಲ್ಲ. ಉಳಿದದ್ದರಲ್ಲಿ ಹೆಚ್ಚಾಗಿ ಮಾಡುವುದು ಇದನ್ನೇ.

ಇನ್ನು ಸಲಹೆಗಳು. ನಮ್ಮ ಪಕ್ಕದ ತೋಟದ ಸುಬೇದಾರ್ ಮಾವ ಮಿಲಿಟರಿಯಲ್ಲಿ ಇದ್ದವರು. ನಾನು ರಿವಾಲ್ವರ್ ಅಂದ ತಕ್ಷಣ ತಲೆ ಅಲ್ಲಾಡಿಸಿದರು.

"ನೋಡು ಮಗಳೇ, ಒಂದು ಜೋಡು ನಳಿಗೆ ಕೋವಿ ತಗೋ. ಅರ್ಧ ದುಡ್ಡಲ್ಲಿ ಆಗುತ್ತೆ. ಈ ಪುಟಾಣಿಯಲ್ಲಿ ಏನಿದೆ?"

ಅವರ ಮಾತಿನಲ್ಲಿ ತೂಕ ಇತ್ತು. ಪಾಯಿಂಟ್ 32 ಉದ್ದ ತೋಟೆಯ ಗುಂಡು ಸುಮಾರು ಆರು ಗ್ರಾಂ. ನಳಿಗೆಯಿಂದ ಹೊರಡುವಾಗ ಅದರ ಶಕ್ತಿ ಹೆಚ್ಚುಕಡಿಮೆ 150 ಜೂಲ್. ಹನ್ನೆರಡು ಬೋರ್ ಕೋವಿಯದು ಎರಡು ಸಾವಿರ ದಾಟುತ್ತದೆ. ಅವರು ಇನ್ನೂ ಹೇಳಿದರು: ಟ್ರಿಗರ್ ಕಲ್ಲಿನಷ್ಟು ಗಟ್ಟಿ, ಒಳಗೆಲ್ಲ ಅರದ ಗುರುತು ಹಾಗೇ ಬಿಟ್ಟಿರುತ್ತಾರೆ, ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು.

ನಮ್ಮ ಮೆಣಸು ಕೊಳ್ಳುವ ಸಾಹುಕಾರರದು ಪೂರ್ತಿ ಉಲ್ಟಾ ಮಾತು. ಅವರ ಹತ್ತಿರ ಬಹಳ ವರ್ಷದಿಂದ ಅದೇ ತರಹದ ರಿವಾಲ್ವರ್ ಇದೆ. "ಅಕ್ಕ, ಇದರಲ್ಲಿ ಕೆಡೋಕೆ ಏನಿದೆ ಹೇಳಿ? ಒಂದು ತೋಟೆ ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆಯಿರಿ, ಮುಂದಿನದು ಬರುತ್ತೆ. ಪಿಸ್ತೂಲಿನಲ್ಲಿ ಸಿಕ್ಕಿಕೊಂಡರೆ ಬಿಡಿಸೋಕೆ ಎರಡು ಕೈ ಬೇಕು." ಇದೂ ಸರಿಯೇ. ಪಿಸ್ತೂಲಿನ ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಲು ನನ್ನ ಬೆರಳಿಗೆ ಕಷ್ಟವಾಗುತ್ತಿತ್ತು. ಕೋವಿಯ ವಿಷಯದಲ್ಲಿ ಸುಬೇದಾರ್ ಮಾವ ಹೇಳಿದ್ದನ್ನು ನಾನು ಒಪ್ಪಿದರೂ, ನಮ್ಮ ಮನೆಯ ನಡುಮನೆ ಇಕ್ಕಟ್ಟು, ಬಟವಾಡೆ ದುಡ್ಡು ತರುವಾಗ ಜೀಪಿನಲ್ಲಿ ನಾನು ಒಬ್ಬಳೇ. ಉದ್ದ ಕೋವಿಯನ್ನು ಅಲ್ಲಿ ತಿರುಗಿಸಲು ಆಗುವುದಿಲ್ಲ. ರಿವಾಲ್ವರ್ ಅಂತಲೇ ತೀರ್ಮಾನ ಮಾಡಿದೆ.

ಇಬ್ಬರೂ ತಮ್ಮ ತಮ್ಮ ಕೈಗೆ ಬಂದ ಪೀಸನ್ನು ಇಟ್ಟುಕೊಂಡು ಮಾತಾಡುತ್ತಿದ್ದರು. ಇದು ನನಗೆ ಅಂಗಡಿಯಲ್ಲಿ ಸ್ಪಷ್ಟವಾಯಿತು.

ಕೊಡಗಿನ ಹೊರಗಿನ ಒಂದು ಅಂಗಡಿಗೆ ಹೋಗಿದ್ದೆ. ಜೊತೆಗೆ ಸುಬೇದಾರ್ ಮಾವನೂ ಬಂದರು, ಬೇಡ ಅನ್ನುತ್ತಲೇ. ಅಂಗಡಿಯವರು ಒಂದು ರಿವಾಲ್ವರ್ ತೆಗೆದು ಮೇಜಿನ ಮೇಲಿಟ್ಟರು. ಬಿಲ್ ಪುಸ್ತಕವನ್ನೂ ಅದರ ಪಕ್ಕದಲ್ಲೇ ಇಟ್ಟರು. ನಾನು ಇನ್ನೊಂದು ತೋರಿಸಿ ಅಂದೆ. "ಎಲ್ಲ ಒಂದೇ ಮೇಡಂ, ಕಾರ್ಖಾನೆ ಮಾಲು" ಅಂದರು. ಆದರೂ ತೋರಿಸಿ ಅಂತ ಕೂತೆ. ಸ್ವಲ್ಪ ಬೇಸರದಿಂದಲೇ ಒಳಗಿಂದ ತಂದರು.

ನೋಡಿದ ಕ್ರಮವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೊದಲು ತೆರೆದು ಸಿಲಿಂಡರಿನಲ್ಲಿ ತೋಟೆ ಕೂರುವ ಆರೂ ಕೋಣೆ ಖಾಲಿ ಇದೆಯಾ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಅಂಗಡಿಯವರು ನೋಡಿ ಕೊಟ್ಟಿದ್ದರೂ ನಾವು ನೋಡಬೇಕು. ಆಮೇಲೆ ಅವರನ್ನು ಕೇಳಿಕೊಂಡು, ಗೋಡೆ ಕಡೆ ಹಿಡಿದು, ಹ್ಯಾಮರನ್ನು (ತೋಟೆಗೆ ಪೆಟ್ಟು ಕೊಡುವ ಹಿಂಬದಿಯ ಸುತ್ತಿಗೆ) ಹೆಬ್ಬೆರಳಿನಿಂದ ತುಂಬಾ ನಿಧಾನಕ್ಕೆ ಹಿಂದಕ್ಕೆ ಎಳೆಯಬೇಕು. ಹ್ಯಾಮರ್ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ತಿರುಗಿ ತನ್ನ ಜಾಗದಲ್ಲಿ ಟಕ್ ಅಂತ ಕೂರಬೇಕು. ಅವಸರದಲ್ಲಿ ಎಳೆದರೆ ಸಿಲಿಂಡರ್ ವೇಗಕ್ಕೆ ತಾನೇ ಹೋಗಿ ಕೂತುಬಿಡುತ್ತದೆ, ದೋಷ ಗೊತ್ತಾಗುವುದಿಲ್ಲ. ಅದಕ್ಕೇ ನಿಧಾನ. ಆರು ಕೋಣೆಗೂ ಹೀಗೇ.

ಮೊದಲ ಪೀಸಿನಲ್ಲಿ ಎರಡು ಕೋಣೆ ಕೂರಲಿಲ್ಲ. ಹ್ಯಾಮರ್ ಹಿಂದೆ ನಿಂತಿತ್ತು, ಸಿಲಿಂಡರ್ ಕೂದಲೆಳೆಯಷ್ಟು ಹಿಂದೆ ಉಳಿದಿತ್ತು. ಬೆರಳು ತಾಗಿಸಿದರೆ ಆಗ ಟಕ್ ಅಂದಿತು. ಇದರ ಅರ್ಥ, ಗುಂಡು ಸಿಡಿಯುವಾಗ ಕೋಣೆಯೂ ನಳಿಗೆಯೂ ಒಂದೇ ನೇರದಲ್ಲಿ ಇಲ್ಲದೆ ಹೋಗಬಹುದು. ಗುಂಡಿನ ಅಂಚು ನಳಿಗೆಯ ಬಾಯಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ. ಅದು ಹೊಡೆಯುವವರ ಕೈಗೂ ಬೀಳಬಹುದು, ಪಕ್ಕದಲ್ಲಿ ನಿಂತವರಿಗೂ.

ಮಾವ ಬಾಯಿ ತೆರೆಯುವ ಮೊದಲು ನಾನು ಎರಡನೆಯದನ್ನು ಎತ್ತಿಕೊಂಡೆ. ಅದೇ ಮಾಡೆಲ್, ನಂಬರ್ ಬೇರೆ. ಆರಕ್ಕೆ ಆರೂ ಸರಿಯಾಗಿ ಕೂತವು. ಟ್ರಿಗರ್ ಎಳೆದು ಹಿಡಿದುಕೊಂಡು ಸಿಲಿಂಡರ್ ಅಲ್ಲಾಡಿಸಿದರೆ ಸ್ವಲ್ಪವೇ ಅಲುಗಿತು. ಹಿಂದೆ ಮುಂದೆ ತಳ್ಳಿದರೂ ಆಟ ಜಾಸ್ತಿ ಇರಲಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ನೋಡಲು ಸ್ಕೂಟರ್ ಮೆಕ್ಯಾನಿಕ್‌ಗಳ ಹತ್ತಿರ ಇರುವ ಫೀಲರ್ ಗೇಜ್ ಸಾಕು, ನಾನು ಒಂದು ಒಯ್ದಿದ್ದೆ. 0.1ರಿಂದ 0.2 ಮಿಲಿಮೀಟರ್ ಇದ್ದರೆ ಒಳ್ಳೆಯದು. ತೀರಾ ಕಡಿಮೆ ಇದ್ದರೆ ಮಸಿ ಕಟ್ಟಿ ಸಿಲಿಂಡರ್ ಉಜ್ಜುತ್ತದೆ, ಜಾಸ್ತಿ ಇದ್ದರೆ ಬೆಂಕಿಯೂ ಹೊಗೆಯೂ ಅಲ್ಲಿಂದಲೇ ಹೊರಗೆ ಬಂದು ಗುಂಡಿನ ಬಲ ಇಳಿಯುತ್ತದೆ. ಇದರಲ್ಲಿ ಸರಿಯಾಗಿತ್ತು. ಕೊನೆಗೆ ಹ್ಯಾಮರ್ ಎತ್ತಿ ನಿಲ್ಲಿಸಿ ಹಿಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿದೆ. ಟ್ರಿಗರ್ ಮುಟ್ಟದೆ ಹ್ಯಾಮರ್ ಬೀಳಬಾರದು. ಬೀಳಲಿಲ್ಲ. ಮಡಚಿ ತೆರೆಯುವ ರಿವಾಲ್ವರ್‌ನಲ್ಲಿ ಮೇಲಿನ ಕೊಂಡಿಯನ್ನೂ ನೋಡಬೇಕು. ಅದು ಸಡಿಲ ಇದ್ದರೆ ಹೊಡೆದಂತೆಲ್ಲ ಇನ್ನೂ ಸಡಿಲವಾಗುತ್ತದೆ. ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಗೆರೆಗಳು ಚೊಕ್ಕವಾಗಿದ್ದವು. ಹೊರಗಡೆ ಮಾತ್ರ ಹಿಡಿಯ ಹತ್ತಿರ ಅರದ ಗುರುತು ಎದ್ದು ಕಾಣುತ್ತಿತ್ತು, ಟ್ರಿಗರ್‌ನ ಅಂಚು ಬೆರಳಿಗೆ ಚುಚ್ಚುತ್ತಿತ್ತು. ಅದರಿಂದ ಏನೂ ತೊಂದರೆಯಿಲ್ಲ.

ಸುಬೇದಾರ್ ಮಾವ ತಾವೇ ಎತ್ತಿಕೊಂಡು ಎಲ್ಲವನ್ನೂ ಮತ್ತೆ ನೋಡಿದರು. "ಇದು ಬೇಕಾದರೆ ತಗೋ" ಅಂದರು. ಮೊದಲನೆಯದನ್ನು ಕಾರ್ಖಾನೆಗೆ ವಾಪಸ್ ಕಳಿಸಿ ಅಂತ ಅಂಗಡಿಯವರಿಗೆ ಬಿಡದೆ ಹೇಳಿ ಬಂದೆವು. ಅದನ್ನು ನೋಡದೆ ಬಿಲ್ ಮಾಡಿಸುವವರು ಯಾರೋ ಒಬ್ಬರು ಬಂದೇ ಬರುತ್ತಾರೆ, ಆಮೇಲೆ ಊರಿಡೀ ಈ ಮಾಡೆಲ್ಲೇ ಕೆಟ್ಟದ್ದು ಅಂತ ಹೇಳುತ್ತಾರೆ. ಹೇಳುವುದು ಸುಳ್ಳೂ ಆಗಿರುವುದಿಲ್ಲ. ಲಕ್ಷದ ಹತ್ತಿರ ದುಡ್ಡು ಕೊಡುವ ಸಾಮಾನಿನಲ್ಲಿ ಇಷ್ಟು ವ್ಯತ್ಯಾಸ ಇರಬಾರದು. ಗಿರಾಕಿಯೇ ಗೇಜ್ ಹಿಡಿದು ಹೋಗಬೇಕಾದ ಪರಿಸ್ಥಿತಿ ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಹೊಡೆಯುವ ಮಾತಿಗೆ ಬರುತ್ತೇನೆ. ಶೂಟಿಂಗ್ ರೇಂಜ್‌ನಲ್ಲಿ ಮೊದಲು ಹೊಡೆದಾಗ ಟ್ರಿಗರ್ ಬಗ್ಗೆ ಮಾವ ಹೇಳಿದ್ದು ಅಕ್ಷರಶಃ ನಿಜವಾಯಿತು. ಹ್ಯಾಮರ್ ಎತ್ತದೆ ನೇರವಾಗಿ ಎಳೆದರೆ ಬೆರಳು ನಡುಗುತ್ತದೆ, ನಳಿಗೆ ಕೆಳಕ್ಕೆ ಬಾಗುತ್ತದೆ, ಗುಂಡು ಗುರಿಯ ಕೆಳಗೆ ಹೋಗುತ್ತದೆ. ಹ್ಯಾಮರ್ ಎತ್ತಿ ನಿಲ್ಲಿಸಿ ಹೊಡೆದರೆ ಹಗುರ, ಗುರಿಯೂ ಚೆನ್ನಾಗಿ ಸಿಗುತ್ತದೆ. ಆದರೆ ಗಾಬರಿಯಲ್ಲಿ ಅದಕ್ಕೆ ಸಮಯ ಇರುವುದಿಲ್ಲ. ತರಬೇತಿ ಕೊಟ್ಟವರು ಒಂದು ಉಪಾಯ ಹೇಳಿದರು. ಡಮ್ಮಿ ತೋಟೆ ತುಂಬಿಕೊಂಡು, ನಿಜವಾದ ತೋಟೆಗಳನ್ನು ಬೇರೆ ರೂಮಿನಲ್ಲಿ ಬೀಗ ಹಾಕಿಟ್ಟು, ದಿನಾ ಸ್ವಲ್ಪ ಹೊತ್ತು ಗೋಡೆಯ ಮೇಲಿನ ಒಂದು ಚುಕ್ಕಿಗೆ ಹಿಡಿದು ಎಳೆಯಿರಿ ಅಂತ. ಮಾಡಿದೆ. ಬೆರಳಿಗೆ ಬಲ ಬಂತು, ಟ್ರಿಗರ್ ಕೂಡ ಸವೆದು ಸ್ವಲ್ಪ ನುಣುಪಾಯಿತು. ಈಗ ಹತ್ತು ಮೀಟರ್‌ನಲ್ಲಿ ಆರು ಗುಂಡನ್ನೂ ಒಂದು ಊಟದ ತಟ್ಟೆಯಗಲದೊಳಗೆ ಹಾಕುತ್ತೇನೆ. ಇಷ್ಟು ಚಿಕ್ಕ ನಳಿಗೆಗೆ ಅದು ಸಾಕು.

ಗುಂಡು ಸಿಡಿಯದಿದ್ದರೆ ಮತ್ತೆ ಎಳೆಯಿರಿ ಅನ್ನೋ ಸಾಹುಕಾರರ ಮಾತು ಜೀವಕ್ಕೆ ಬಂದಾಗ ಮಾತ್ರ. ಅಭ್ಯಾಸದಲ್ಲಿ ಹಾಗೆ ಮಾಡಬಾರದು. ತಡವಾಗಿ ಸಿಡಿಯುವ ತೋಟೆಗಳೂ ಇರುತ್ತವೆ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ಆಮೇಲೆ ತೆರೆಯಬೇಕು. ನನ್ನ ಬಳಿ ಒಂದು ತೋಟೆ ಸಿಡಿಯಲಿಲ್ಲ. ಅದರ ಹಿಂಬದಿಯಲ್ಲಿ ಪಿನ್ನಿನ ಗುರುತು ಆಳವಾಗಿಯೇ ಬಿದ್ದಿತ್ತು. ಅಂದರೆ ತಪ್ಪು ರಿವಾಲ್ವರ್‌ನದಲ್ಲ, ತೋಟೆಯದು. ಪೆಟ್ಟಿಗೆಯ ಮೇಲೆ ತಯಾರಾದ ವರ್ಷ ನೋಡಿಯೇ ತೋಟೆ ತಗೊಳ್ಳಿ. ಹಳೇ ಸ್ಟಾಕ್ ಕೊಟ್ಟು ರಿವಾಲ್ವರ್‌ಗೆ ಕೆಟ್ಟ ಹೆಸರು ತರುವುದು ನಮ್ಮಲ್ಲಿ ಬಹಳ ನಡೆಯುತ್ತದೆ.

ತೋಟೆ ದುಬಾರಿ. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಅನ್ನುವುದು ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಹಾಗಾಗಿ ಬಹಳ ಜನ ಕೊಂಡ ದಿನ ನಾಲ್ಕು ಹೊಡೆದು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಕೈಕೊಟ್ಟಿಲ್ಲ ಅನ್ನುವವರಲ್ಲಿ ಎಷ್ಟು ಜನ ಹೊಡೆದು ನೋಡಿದ್ದಾರೆ ಅಂತ ನಾನು ಈಗ ಕೇಳುತ್ತೇನೆ. ಕೆಟ್ಟದ್ದು ಅನ್ನುವವರನ್ನೂ ಅದನ್ನೇ ಕೇಳುತ್ತೇನೆ.

ಉಪಯೋಗದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಆನೆಗೆ ಇದು ಯಾವ ಕೆಲಸಕ್ಕೂ ಬಾರದು. ನಮ್ಮ ತೋಟದ ರೈಟರ್ (ಗುಮಾಸ್ತರು) ಒಂದು ದಿನ "ಮೇಡಂ, ಆನೆ ಬಂದರೆ ಮೇಲಕ್ಕೆ ಒಂದು ಹಾರಿಸಬಹುದಲ್ವಾ?" ಅಂದರು. ಬೇಡವೇ ಬೇಡ. ಕಾಡಾನೆ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಗಾಯವಾದರೆ ಅದು ಇನ್ನೂ ಅಪಾಯ, ನಮಗೆ ಜೈಲೂ ಖಂಡಿತ. ಆನೆ ಬಂದರೆ ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡುವುದೊಂದೇ ದಾರಿ. ಹಂದಿ, ಕೋತಿಗೂ ಇದನ್ನು ತೋರಿಸುವ ಮಾತೇ ಇಲ್ಲ.

ಮೆಣಸು ಕಳ್ಳರ ಮೇಲೂ ಅಲ್ಲ. ಇದನ್ನು ನಮ್ಮ ತೋಟದವರು ಸರಿಯಾಗಿ ತಿಳಿದುಕೊಳ್ಳಬೇಕು. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ, ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ರವರೆಗಿನ ಕಲಂಗಳಲ್ಲಿ ಇದೆ. ಕಣದಿಂದ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆಯುವ ಹಕ್ಕು ಯಾರಿಗೂ ಇಲ್ಲ. ದರೋಡೆ, ರಾತ್ರಿ ಮನೆಯ ಬಾಗಿಲು ಮುರಿದು ನುಗ್ಗುವುದು, ಜೀವಕ್ಕೆ ಅಥವಾ ಮೈಗೆ ತೀವ್ರ ಗಾಯವಾಗುತ್ತದೆ ಅನ್ನುವ ನಿಜವಾದ ಭಯ, ಇಂಥ ಕಡೆ ಮಾತ್ರ ಕಾನೂನು ಅಷ್ಟು ದೂರ ಬರುತ್ತದೆ. ಅಲ್ಲಿಯೂ ಬೇಕಾದ್ದಕ್ಕಿಂತ ಹೆಚ್ಚು ಬಲ ಉಪಯೋಗಿಸುವ ಹಾಗಿಲ್ಲ. ಒಂದು ಮೂಟೆ ಮೆಣಸಿಗೆ ಒಬ್ಬರ ಜೀವ ತೆಗೆಯುವುದನ್ನು ನಾನಂತೂ ಊಹಿಸಲಾರೆ.

ಹಾಗಾದರೆ ಉಳಿದದ್ದು ಆ ಹಿಂದಿನ ಬಾಗಿಲು ಒಂದೇ, ಮತ್ತೆ ಬಟವಾಡೆ ದಿನದ ಆ ದಾರಿ. ಅಷ್ಟು ಚಿಕ್ಕ ಕೆಲಸಕ್ಕೆ, ಅಷ್ಟು ಹತ್ತಿರದಿಂದ, ಈ ರಿವಾಲ್ವರ್ ಸಾಲುತ್ತದೆ. ಬಾಗಿಲಿಗೆ ಹೊಸ ಕಬ್ಬಿಣದ ಪಟ್ಟಿ, ಅಂಗಳಕ್ಕೆ ಲೈಟು, ಇನ್ನೊಂದು ನಾಯಿ, ಇವನ್ನು ನಾನು ರಿವಾಲ್ವರ್‌ಗಿಂತ ಮೊದಲೇ ಮಾಡಿಸಿದೆ. ಕಳ್ಳರನ್ನು ದೂರ ಇಟ್ಟಿರುವುದು ಅವೇ ಅಂತ ನನ್ನ ನಂಬಿಕೆ. ಕೂಲಿಯವರಿಗೆ ಫೋನ್‌ನಲ್ಲೇ ದುಡ್ಡು ಹಾಕುವುದನ್ನೂ ಶುರು ಮಾಡಿದ್ದೇನೆ, ಹೊರಗಿನಿಂದ ಬರುವ ಕೆಲವರಿಗೆ ಮಾತ್ರ ಕೈಯಲ್ಲಿ ಕೊಡಬೇಕು.

ಕೊಡಗಿನ ಮಳೆಯ ಬಗ್ಗೆ ಮಾವ ಹೇಳಿದ್ದು ಅರ್ಧ ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಚರ್ಮದ ಚೀಲದಲ್ಲಿ ರಿವಾಲ್ವರ್ ಇಟ್ಟರೆ ಚರ್ಮ ತೇವ ಹಿಡಿದುಕೊಂಡು ಚೀಲದ ಆಕಾರಕ್ಕೇ ತುಕ್ಕು ಮೂಡುತ್ತದೆ. ನಾನು ತೆಳ್ಳಗೆ ಎಣ್ಣೆ ಸವರಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರ ಮಾತ್ರ. ಎಣ್ಣೆ ಜಾಸ್ತಿಯಾದರೆ ಕೋಣೆಗಳಿಗೆ ಇಳಿದು ತೋಟೆಯನ್ನು ಹಾಳು ಮಾಡುತ್ತದೆ, ಅದಕ್ಕೇ ಕೋಣೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿಬಿಡಬೇಕು. ಮಳೆಗಾಲದಲ್ಲಿ ವಾರ ವಾರ ತೆಗೆದು ನೋಡುತ್ತೇನೆ. ಮಳೆಗಾಲ ಕಳೆದರೂ ತುಕ್ಕಿನ ಚುಕ್ಕಿ ಒಂದೂ ಇಲ್ಲ. ಹಿಡಿಯ ಹತ್ತಿರ ಬಣ್ಣ ಮಾಸಿದೆ ಅಷ್ಟೇ.

ಸುಬೇದಾರ್ ಮಾವ ಈಗಲೂ ಕೋವಿಯೇ ತಗೋಬೇಕಿತ್ತು ಅನ್ನುತ್ತಾರೆ, ಸಾಹುಕಾರರು ನೋಡಿದಿರಾ ನಾನು ಹೇಳಿದ್ದೆ ಅನ್ನುತ್ತಾರೆ. ಹೋದ ತಿಂಗಳು ಮಾದಾಪುರದ ಕಡೆಯ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳಿಗೆ ಲೈಸೆನ್ಸ್ ಬಂತು. ಯಾವ ಕಂಪನಿ ಒಳ್ಳೆಯದು ಚಿಕ್ಕಮ್ಮ ಅಂತ ಫೋನ್ ಮಾಡಿ ಕೇಳಿದಳು. ಕಂಪನಿ ಆಮೇಲೆ ನೋಡೋಣ, ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗು, ಕನಿಷ್ಠ ಮೂರು ಪೀಸ್ ತೆಗೆಸಿ ನೋಡದೆ ದುಡ್ಡು ಕೊಡಬೇಡ ಅಂದಿದ್ದೇನೆ. ಮುಂದಿನ ವಾರ ಹೊರಡುತ್ತಿದ್ದೇವೆ, ಗೇಜನ್ನೂ ಟಾರ್ಚನ್ನೂ ಬ್ಯಾಗಿಗೆ ಹಾಕಿಟ್ಟಿದ್ದೇನೆ.